ಒಂದು ಬೆರಳು ಎದ್ದ ಕಲ್ಲು

ನಿಮ್ಮ ತಾತನ ಕೆಲಸ ನೆಲದ ಎತ್ತರ ಅಳೆಯುವುದು. ಸಮುದ್ರದ ದಂಡೆಯಿಂದ ಶುರುಮಾಡಿ, ಐವತ್ತು ಹೆಜ್ಜೆಗೊಮ್ಮೆ ಮೂರು ಕಾಲಿನ ಯಂತ್ರ ನಿಲ್ಲಿಸಿ, ಅದರ ದುರ್ಬೀನಿನಲ್ಲಿ ಎದುರಿನ ಅಳತೆಪಟ್ಟಿ ನೋಡಿ ಬರೆದುಕೊಂಡು, ಗುಡ್ಡದ ಮೇಲೆ ಎತ್ತರದ ಗುರುತಿಗೆ ನೆಟ್ಟ ಸರ್ಕಾರಿ ಕಲ್ಲಿನವರೆಗೆ ಹೋಗಬೇಕು. ಎರಡು ತಿಂಗಳ ನಡಿಗೆ. ಬಿಸಿಲಿಗೆ ಛತ್ರಿ ಕೊಟ್ಟಿದ್ದರು, ಯಂತ್ರಕ್ಕೆ. ತಾತ ಪಕ್ಕದಲ್ಲಿ ಒಣಗುತ್ತಿದ್ದರು. ನಮ್ಮ ಮದುವೆಯ ಫೋಟೋದಲ್ಲೂ ಒಂದು ಕಣ್ಣು ಮುಚ್ಚಿಕೊಂಡೇ ನಿಂತಿದ್ದಾರೆ, ಅಭ್ಯಾಸ. ಅದಿರಲಿ.

ಒಂದು ಸಲ ಆ ಕಲ್ಲು ಹಳೆಯ ದಾಖಲೆಗಿಂತ ಒಂದು ಬೆರಳಗಲ ಎತ್ತರ ಬಂತು.

"ಕಲ್ಲು ಏನ್ರೀ, ಎದ್ದು ನಿಂತ್ಕೊಳ್ತಾ?" ಎಂದರು ಕಚೇರಿಯ ಸಾಹೇಬರು. ಮತ್ತೆ ಅಳೆಸಿದರು. ಮತ್ತೆ ಅದೇ ಬೆರಳು. "ಇನ್ನೊಂದ್ಸಲ ತಪ್ಪಿದ್ರೆ ನಿಮ್ಮನ್ನ ಗೋದಾಮಿಗೆ ಹಾಕ್ತೀನಿ. ಹೊರಗಿನ ಕೆಲಸ ಮರೆತುಬಿಡಿ."

ನಾಲ್ಕು ಗೋಡೆಯೊಳಗೆ ಬದುಕುವ ಜೀವವಲ್ಲ ಅದು. ರಜೆಯಲ್ಲಿ ಮನೆಯಲ್ಲಿದ್ದರೆ ನನ್ನ ಅಡುಗೆಮನೆಯ ಶೆಲ್ಫು ಎಷ್ಟು ಓರೆ ಎಂದು ಅಳೆದು ಹೇಳುತ್ತಿದ್ದರು. ಅವರು ಹೊರಗಿರುವುದು ನನಗೂ ಕ್ಷೇಮ.

ಅಳತೆಪಟ್ಟಿ ಹಿಡಿಯುತ್ತಿದ್ದ ಗೆಳೆಯ ಗಿಡ್ಡಣ್ಣ ಮನೆಗೇ ಬಂದ. "ಕೊನೇ ಪುಟದಲ್ಲಿ ಆ ಬೆರಳು ನುಂಗಿಬಿಡೋ ಮಾರಾಯ. ಎಲ್ರೂ ನುಂಗಿದಾರೆ."

"ನಂಗೆ ಅಜೀರ್ಣ ಆಗುತ್ತೆ."

"ರೀ, ಒಂದು ಬೆರಳು ತಾನೆ?" ಎಂದೆ ನಾನು.

"ನಿಂದು ಕೊಡ್ತೀಯೇನೇ?"

ಮೂರನೇ ಸಲವೂ ಅದೇ ಬಂತು. ಅದನ್ನೇ ಬರೆದರು.

ಗೋದಾಮಿನ ಆದೇಶ ಟೈಪಾಗುತ್ತಿದ್ದ ದಿನ, ಭೂಮಿಯ ಒಳಗಿನ ವಿಷಯ ಓದಿದ ಮೇಡಂ ಒಬ್ಬರು ಹಳೆಯ ಅಳತೆ ಪುಸ್ತಕ ಕೇಳಿಕೊಂಡು ಕಚೇರಿಗೆ ಬಂದರು. ಮುಂದಿನದು ಗಿಡ್ಡಣ್ಣ ಕಣ್ಣಾರೆ ಕಂಡದ್ದು.

"ತುಂಬಾ ಆಳದಲ್ಲಿ ಕರಗಿದ ಕಬ್ಬಿಣ ಇದೆ," ಎಂದರಂತೆ ಆಕೆ. "ಅದರ ಶಾಖಕ್ಕೆ ಮೇಲಿನ ಬಂಡೆ, ಗಟ್ಟಿಯಾಗಿದ್ರೂ, ಹರಿಯುತ್ತೆ. ಉಗುರು ಬೆಳೆಯೋಷ್ಟು ನಿಧಾನ. ಅದು ಮೇಲೆ ಬರೋ ಕಡೆ ನೆಲಾನೂ ಸ್ವಲ್ಪ ಸ್ವಲ್ಪ ಏಳುತ್ತೆ."

ಆಮೇಲೆ ನಲವತ್ತು ವರ್ಷದ ಪುಸ್ತಕಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಪ್ರತಿಯೊಂದರ ಕೊನೇ ಪುಟದಲ್ಲೂ ಒಂದು ಸಂಖ್ಯೆ ಉಜ್ಜಿ ಅಳಿಸಿ, ಹಳೆಯ ದಾಖಲೆಯ ಸಂಖ್ಯೆ ತುಂಬಿದ್ದರು. ಆದರೆ ಅಳಿಸಿದ ಸಂಖ್ಯೆಯ ಪೆನ್ಸಿಲ್ ಒತ್ತಿದ ಗುರುತು ಹಾಗೇ ಇತ್ತು. ಮೊದಲನೆಯದರಲ್ಲಿ ಕಲ್ಲು ಕೂದಲೆಳೆಯಷ್ಟು ಎದ್ದಿತ್ತು, ಆಮೇಲಿನದರಲ್ಲಿ ಕಾಲು ಬೆರಳಗಲ, ಕಡೆಯದರಲ್ಲಿ ಮುಕ್ಕಾಲು. ಆ ಕಡೆಯ ಪುಸ್ತಕದ ಮೇಲಿದ್ದದ್ದು ಸಾಹೇಬರದೇ ಹೆಸರು, ಅವರು ಯಂತ್ರ ಹೊರುತ್ತಿದ್ದ ಕಾಲದ್ದು.

ಸಾಹೇಬರು ಆ ಪುಟದ ಮೇಲೆ ಬೆರಳಾಡಿಸಿದರು.

"ಆಗ ರಬ್ಬರ್ ಚೆನ್ನಾಗಿರ್ಲಿಲ್ಲ," ಎಂದರು.

ಟೈಪಿಸ್ಟಿಗೆ ಗೋದಾಮಿನ ಆದೇಶದ ಕಾಗದ ತೆಗೆಯಲು ಹೇಳಿ, ತಾತನ ಸಂಖ್ಯೆಯ ಕೆಳಗೆ ಪೆನ್ನಿನಲ್ಲಿ ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ತಾತ ಮುಂದಿನ ಗುಡ್ಡ ಅಳೆಯಲು ಹೊರಟರು.