ಬೆಳಗಿನ ಶಿಫ್ಟು

ಪುಟ್ಟೀ, ಮರೀ, ಮನೆಯಲ್ಲಿ ಕೂಗುವ ಹೆಸರಿನಿಂದಲೇ ನಿಮ್ಮನ್ನು ಕರೆಯುತ್ತೇನೆ. ಶಾಲೆಯಲ್ಲಿ ಬರೆಸಿದ ಹೆಸರು ಇಲ್ಲಿ ಬೇಡ. ಇದರಲ್ಲಿ ಬೇರೆ ಯಾರ ಹೆಸರನ್ನೂ ಬರೆಯುವುದಿಲ್ಲ. ಆಸ್ಪತ್ರೆ ಯಾವ ಊರಿನದೆಂದೂ ಹೇಳುವುದಿಲ್ಲ. ಅಲ್ಲಿನ ಸಿಸ್ಟರುಗಳು ನಮಗೆ ಕೆಟ್ಟದ್ದು ಮಾಡಿದವರಲ್ಲ, ಅವರಿಗೆ ತೊಂದರೆಯಾಗಬಾರದು.

ಹೋದ ಸಲ ರಜಕ್ಕೆ ಬಂದಾಗ ಮರಿ ನನ್ನನ್ನು ಕೇಳಿದ, "ಅಜ್ಜಿ, ತಾತ ಯಾಕ್ ಸತ್ತೋದ್ರು?" ನಾನು ಬಾಯಿ ತೆಗೆಯುವ ಮುಂಚೆಯೇ ನಿಮ್ಮಮ್ಮ ಒಳಗಿನಿಂದ, "ಕಿಡ್ನಿ ಕೆಟ್ಟೋಗಿತ್ತು ಕಣೋ, ಸುಮ್ನೆ ಉಣ್ಣು" ಎಂದಳು. ಅದು ನಿಜವೇ. ಆದರೆ ಕಿಡ್ನಿ ಕೆಟ್ಟ ಮೇಲೂ ಬದುಕಿರುವವರು ನಮ್ಮೂರಲ್ಲೇ ಇದ್ದಾರೆ. ಎದುರಿಗೆ ಕೂತು ಹೇಳು ಎಂದರೆ ನನಗೆ ಮಾತು ಬರುವುದಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯುವುದಾದರೆ ಬರೆಯಬಲ್ಲೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹುಡುಗನಾಗಿದ್ದಾಗಿನಿಂದ ಮೇಲಿನ ಬೀದಿಯ ಗೌಡರ ಮನೆಯಲ್ಲಿ ಕೆಲಸಕ್ಕಿದ್ದರು. ಹಳ್ಳಿಮೈಸೂರಿನ ಈ ಕಡೆ ಹೊಗೆಸೊಪ್ಪು ಬೆಳೆಯುವವರು ಬಹಳ. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕುವುದು, ಏಣಿ ಹತ್ತಿ ಸೊಪ್ಪಿನ ಕಡ್ಡಿ ಕಟ್ಟುವುದು ಅವರ ಕೆಲಸ. ಮಂಡಿ ನೋವು ಬಂದರೆ ಅಂಗಡಿಯವನು ಕೊಡುವ ನೋವಿನ ಮಾತ್ರೆ ನುಂಗಿ ಮತ್ತೆ ಏಣಿ ಹತ್ತುತ್ತಿದ್ದರು. ಎಷ್ಟು ವರ್ಷ ನುಂಗಿದರೋ ಅವರಿಗೂ ಗೊತ್ತಿಲ್ಲ. ಮುಖ ಊದಿಕೊಂಡು, ತಿಂದದ್ದೆಲ್ಲ ವಾಂತಿಯಾಗತೊಡಗಿದಾಗ ಆಸ್ಪತ್ರೆಗೆ ಹೋದೆವು. ಎರಡು ಕಿಡ್ನಿಯೂ ಹೋಗಿವೆ, ಮಾತ್ರೆಯೂ ಒಂದು ಕಾರಣ, ಬಿಪಿಯೂ ಒಂದು ಕಾರಣ ಎಂದರು. ಬಿಪಿ ಇದೆಯೆಂದು ನಮಗೆ ತಿಳಿದದ್ದೇ ಆವತ್ತು.

ಗೌಡರದೂ ಅದೇ ಕಾಯಿಲೆ. ಅವರಿಗೆ ಸಕ್ಕರೆ ಕಾಯಿಲೆಯಿಂದ ಬಂದದ್ದು. ಆದರೆ ಅವರನ್ನು ಹಾಸನದ ಡಾಕ್ಟರು ತಿಂಗಳು ತಿಂಗಳು ನೋಡುತ್ತಿದ್ದರು. ಹೀಗಾಗುತ್ತದೆಂದು ಮುಂಚೆಯೇ ಹೇಳಿ, ಮುಂದೆ ರಕ್ತ ತೊಳೆಯಲು ಸೂಜಿ ಚುಚ್ಚಬೇಕಾಗುವ ಕೈಯ ನರಕ್ಕೆ ಆಪರೇಷನ್ ಮಾಡಿಸಿಟ್ಟಿದ್ದರು. ನಿಮ್ಮ ತಾತನಿಗೆ ಆ ಆಪರೇಷನ್ ಆಗಿ ಕೈಯ ನರ ಬಲಿಯುವವರೆಗೆ ಕುತ್ತಿಗೆಗೇ ಪೈಪು ಹಾಕಿದರು. ಒಂದೇ ವಯಸ್ಸಿನವರು ಇಬ್ಬರೂ. ಒಂದೇ ಬ್ಯಾರನ್ನಿನ ಹೊಗೆ ಕುಡಿದವರು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಮೆಷಿನ್ನುಗಳು ಬೆರಳೆಣಿಕೆಯಷ್ಟು. ಪುಕ್ಕಟೆ ಮಾಡುತ್ತಾರೆ, ಆದರೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಶಿಫ್ಟು. ಹೊಸದಾಗಿ ಬಂದವರಿಗೆ ಸಂಜೆಯದು. ಬೆಳಗಿನವರಲ್ಲಿ ಯಾರಾದರೂ ತೀರಿಕೊಂಡರೆ ಸಂಜೆಯವರಿಗೆ ಆ ಜಾಗ. ಗೌಡರು ನಮಗಿಂತ ಆಮೇಲೆ ಸೇರಿದವರು, ಆದರೂ ಅವರಿಗೆ ಬೆಳಗಿನದು ಸಿಕ್ಕಿತು. ನಾನು ಏನೂ ಕೇಳಿರಲಿಲ್ಲ. ಸಿಸ್ಟರೇ ಒಂದು ದಿನ ತಲೆ ತಗ್ಗಿಸಿಕೊಂಡು, "ಮೇಲಿಂದ ಫೋನ್ ಬಂತು ಅಜ್ಜಿ, ನಾನೇನ್ ಮಾಡ್ಲಿ" ಎಂದರು.

ಸಂಜೆಯ ಶಿಫ್ಟು ಮುಗಿಯುವ ಹೊತ್ತಿಗೆ ನಮ್ಮೂರಿನ ಕೊನೆಯ ಬಸ್ಸು ಹೋಗಿರುತ್ತದೆ. ರಕ್ತ ತೊಳೆದ ಮೇಲೆ ಮನುಷ್ಯನಲ್ಲಿ ಏನೂ ಉಳಿದಿರುವುದಿಲ್ಲ. ಕಾಲು ಹಿಡಿದುಕೊಳ್ಳುತ್ತದೆ, ಚಳಿ ಹುಟ್ಟುತ್ತದೆ. ಅಂಥವರನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗಿಸಿಕೊಂಡು ಬೆಳಗಿನ ಬಸ್ಸಿಗೆ ಕರೆತರುತ್ತಿದ್ದೆ. ವಾರಕ್ಕೆ ಎರಡು ಸಲ ಹೀಗೆ. ಒಂದೊಂದು ಸಲ ಅವರು, "ಈ ವಾರ ಒಂದೇ ಸಾಕು ಕಣಮ್ಮಿ" ಎನ್ನುತ್ತಿದ್ದರು. ಒಂದು ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಉಸಿರು ನಿಲ್ಲುತ್ತದೆ ಎಂದು ಸಿಸ್ಟರು ನನಗೆ ಹೇಳಿದ್ದರು. ಬೆಳಗಿನ ಶಿಫ್ಟು ಸಿಕ್ಕರೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬರಬಹುದು, ಒಂದೂ ತಪ್ಪಿಸದೆ ಅವರನ್ನು ಉಳಿಸಿಕೊಳ್ಳಬಹುದು. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಅವರಿಬ್ಬರೂ ಎದುರಾಗುತ್ತಿದ್ದರು. ಗೌಡರು ಮುಗಿಸಿ ಹೊರಗೆ ಬರುವಾಗ ನಾವು ಮಧ್ಯಾಹ್ನದ ಬಸ್ಸಿಳಿದು ಹೋಗಿ ಕಾಯುತ್ತಿದ್ದೆವು.

"ಏನ್ಲಾ, ಸೊಪ್ ಬೇಯ್ಸ್ತಿದ್ವಿ, ಈಗ ನಮ್ಮುನ್ನೇ ಬೇಯಿಸ್ತಾವ್ರೆ" ಎಂದು ಗೌಡರು ನಗುತ್ತಿದ್ದರು.

"ಬೇಯ್ಸಾದಲ್ಲ ಗೌಡ್ರೆ, ಒಗ್ಯಾದು. ಒಗ್ದು ಒಗ್ದು ಬಟ್ಟೆನೇ ಅರ್ದೋಯ್ತದೆ ನೋಡ್ತಿರಿ" ಎಂದು ನಿಮ್ಮ ತಾತ ಎದ್ದು ನಿಂತುಕೊಂಡೇ ಹೇಳುತ್ತಿದ್ದರು.

ಒಂದು ಬೆಳಗ್ಗೆ ಧೈರ್ಯ ಮಾಡಿ ಗೌಡರ ಮನೆಯ ಹಿತ್ತಿಲ ಬಾಗಿಲಿಗೆ ಹೋದೆ. ಅವರ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು.

"ಏನಮ್ಮಿ, ಎಂಗವ್ನೆ ನಿನ್ ಗಂಡ?"

"ಅವ್ರೆ ಅಮ್ಮಾರೆ. ಬಸ್ಸಿಂದೇ ಕಷ್ಟ ಆಗದೆ. ಸಂಜೆ ಮುಗಿಯಾ ಒತ್ಗೆ ಬಸ್ಸಿರಾಕಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಒಳಗಿನಿಂದ ಗೌಡರ ದನಿ ಬಂತು. "ಯಾರೇ ಅದು, ಅಳ್ತಾವ್ರೆ?"

ಅವರ ಹೆಂಡತಿ ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದರು. ಗೌಡರು ಕೈಗೆ ಟವಲು ಸುತ್ತಿಕೊಂಡು ಬಾಗಿಲಿಗೆ ಬಂದರು. "ಇಷ್ಟೇನಾ? ಅದ್ಕ್ಯಾಕ್ ಅಳ್ತೀಯಾ? ನಂಗೇನು, ಕಾರು ಅದೆ. ಯಾವಾಗಾದ್ರೂ ಓಯ್ತೀನಿ. ಬೆಳಗ್ಗೆದ್ನ ಅವ್ನೇ ಮಾಡಿಸ್ಕಳ್ಲಿ. ಸಿಸ್ಟ್ರಿಗೆ ನಾನೇ ಫೋನ್ ಮಾಡ್ತೀನಿ."

"ಬೆಳಗ್ಗೆ ಒತ್ತು ಮುದ್ದೆ ತಪ್ಪೋಯ್ತದೆ ಅಂತ ದಿನಾ ಗೊಣಗ್ತಿದ್ರಿ, ಒಳ್ಳೆ ನೆಪ ಸಿಕ್ತು" ಎಂದು ಅವರ ಹೆಂಡತಿ ರೇಗಿಸಿದರು.

ನನಗೆ ಕಾಫಿ ಕೊಟ್ಟರು, ಪೇಪರ್ ಲೋಟದಲ್ಲಿ. ಮೊದಲೆಲ್ಲ ನಮ್ಮವರಿಗೆಂದು ಹಿತ್ತಿಲ ಗೋಡೆಯ ಮೇಲೆ ಒಂದು ಲೋಟ ಬೋರಲು ಹಾಕಿರುತ್ತಿದ್ದರು. ಪೇಪರ್ ಲೋಟ ಬಂದ ಮೇಲೆ ಯಾರಿಗೂ ಮುಜುಗರವಿಲ್ಲ. ಕುಡಿದು ತಿಪ್ಪೆಗೆ ಎಸೆದು ಬಂದೆ. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ಕೆಲವು ವಾರ ಚೆನ್ನಾಗಿದ್ದವು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೆವು. ಮನೆಗೆ ಬಂದು ಒಂದು ನಿದ್ದೆ ಮಾಡಿ ಎದ್ದರೆ ಸಂಜೆಗೆ ಅವರೇ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನೀವು ಬಂದದ್ದು ಆಗಲೇ. ಆಪರೇಷನ್ ಆದ ನರದಲ್ಲಿ ರಕ್ತ ನುಗ್ಗಿ, ತಾತನ ಕೈ ಮೇಲೆ ಕೈಯಿಟ್ಟರೆ ಗುಂಯ್ ಎನ್ನುತ್ತಿತ್ತಲ್ಲ, "ಇದ್ರೊಳ್ಗೆ ಜೇನುಳ ಸಾಕಿವ್ನಿ, ಒತ್ತಬ್ಯಾಡ್ರಿ, ಕಚ್ತವೆ" ಎಂದು ಹೆದರಿಸುತ್ತಿದ್ದರು. ಪುಟ್ಟಿ ಕೈ ಎಳೆದುಕೊಂಡಳು. ಮರಿ ಕಿವಿಯನ್ನೇ ಇಟ್ಟ.

ಆಮೇಲೆ ಒಂದು ದಿನ ಗೌಡರ ಬೀಗರ ಮನೆಯಲ್ಲಿ ಸಂಜೆಗೆ ಆರತಕ್ಷತೆ ಇತ್ತಂತೆ. ಅರಕಲಗೂಡಿಗೆ ಹೋಗಬೇಕಿತ್ತು. ಹಾಗಾಗಿ ಬೆಳಗ್ಗೆಯೇ ಬೆಡ್ಡು ಖಾಲಿಯಿದ್ದರೆ ಮಾಡಿಸಿಕೊಂಡು ಹೋಗೋಣವೆಂದು ಮಗನ ಜೊತೆ ಆಸ್ಪತ್ರೆಗೆ ಬಂದರು. ಒಳಗೆ ನಮ್ಮನ್ನು ಬಿಡುವುದಿಲ್ಲ, ನಾನು ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ. ನಿಮ್ಮ ತಾತ ತೂಕ ನೋಡಿಸಿಕೊಂಡು ಬೆಡ್ಡಿನ ಮೇಲೆ ಕೂತಿದ್ದರು. ಸಿಸ್ಟರು ರಕ್ತ ಸೋಸಲು ಅವರ ಹೆಸರು ಬರೆದಿಟ್ಟ ಫಿಲ್ಟರನ್ನು ಮೆಷಿನ್ನಿಗೆ ಹಾಕಿ ಪೈಪುಗಳಲ್ಲಿ ನೀರು ಬಿಟ್ಟಿದ್ದರು. ಸೂಜಿ ಚುಚ್ಚುವುದೊಂದೇ ಬಾಕಿ. ಅಷ್ಟರಲ್ಲಿ ಗೌಡರು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಗೋಡೆಗೆ ಒರಗಿ ನಿಂತರು.

ಅವರು ಯಾರನ್ನೂ ಏನೂ ಕೇಳಲಿಲ್ಲ. ನಿಮ್ಮ ತಾತ ಎದ್ದುಬಿಟ್ಟರು. ಬೀದಿಯ ಕಟ್ಟೆಯ ಮೇಲೆ ಕೂತಿದ್ದಾಗ ಗೌಡರು ಬಂದರೆ ಹೇಗೆ ಏಳುತ್ತಿದ್ದರೋ ಹಾಗೆ, ಟವಲನ್ನು ಹೆಗಲಿನಿಂದ ಇಳಿಸಿ ಕಂಕುಳಿಗೆ ಸೇರಿಸಿಕೊಂಡು.

ಬಾಗಿಲ ಸಂದಿಯಿಂದ ಸಿಸ್ಟರ ಮಾತು ಕೇಳಿಸಿತು. "ಅಜ್ಜಾ, ನಿಮಗೇಂತ ಎಲ್ಲಾ ರೆಡಿ ಮಾಡಿದೀನಿ, ಯಾಕ್ ಎದ್ರಿ?"

"ಗೌಡ್ರು ನಿಂತವ್ರಲ್ಲ ಸಿಸ್ಟ್ರೇ."

"ಕೂತ್ಕೊಳ್ಳಿ ಸುಮ್ನೆ. ಅವರು ಹೊರಗೆ ಬೆಂಚಲ್ಲಿ ಕೂರ್ತಾರೆ."

ಆದರೆ ಅಷ್ಟು ಹೊತ್ತಿಗೆ ಗೌಡರು ಬೆಡ್ಡಿನ ಮೇಲೆ ಕೂತಾಗಿತ್ತು. ಬೇಕೆಂದು ಕೂತರು ಎನ್ನಲಾರೆ. ಅವರೆದುರಿಗೆ ಯಾರಾದರೂ ಎದ್ದರೆ ಅವರು ಕೂರುವುದು, ಅದೂ ಅಭ್ಯಾಸವೇ. "ಇವತ್ತೊಂದಿನ ಕಣ್ಲಾ" ಎಂದರು. ಸಿಸ್ಟರು ಗೊಣಗಿಕೊಂಡು ಫಿಲ್ಟರು ಬದಲಾಯಿಸಿದರು.

ಹೊರಗೆ ಬಂದವರನ್ನು ನಾನು ಕೇಳಿದೆ, "ಯಾಕೆದ್ರಿ?"

"ಎದ್ದೆ ಅಂತ ಎದ್ದ ಮ್ಯಾಲೆ ಗೊತ್ತಾಯ್ತು ಕಣಮ್ಮಿ."

"ಮತ್ತೆ ಕೂತ್ಕಬೋದಿತ್ತಲ್ಲ?"

"ಅವ್ರು ಕೂತ್ ಮ್ಯಾಲೆ ನಾನೆಂಗ್ ಕೂರಾದು? ಬಾ, ಟೀ ಕುಡ್ಯವಾ. ಅರ್ಧ ಲೋಟ ನಂಗೆ, ನೀರ್ ಜಾಸ್ತಿಯಾದ್ರೆ ಸಿಸ್ಟ್ರು ಬಯ್ತಾರೆ."

ಆವತ್ತು ಸಂಜೆಯವರೆಗೆ ಕಾದು ಮಾಡಿಸಿಕೊಂಡೆವು. ಮುಂದಿನ ಸಲವೂ ಗೌಡರ ಕಾರು ಬೆಳಗ್ಗೆಯೇ ಬಂತು. ಸಂಜೆ ಹೊತ್ತಾದರೆ ಶುಗರ್ ಇಳಿದು ಕಣ್ಣು ಕತ್ತಲೆ ಬರುತ್ತದೆ ಎಂದರು. ಅದೂ ಸುಳ್ಳಲ್ಲವೇನೋ. ಅದರ ಮುಂದಿನ ಸಲ ನೆಪವೂ ಬೇಕಾಗಲಿಲ್ಲ, ಬೆಳಗಿನ ಬೆಡ್ಡು ಮತ್ತೆ ಅವರದಾಗಿತ್ತು. ನಾನು ಮತ್ತೆ ಹಿತ್ತಿಲ ಬಾಗಿಲಿಗೆ ಹೋಗುತ್ತೇನೆಂದೆ. ನಿಮ್ಮ ತಾತ ಎಂದೂ ನನ್ನ ಮೇಲೆ ದನಿ ಎತ್ತಿದವರಲ್ಲ, ಆವತ್ತು ಎತ್ತಿದರು. "ಕೊಟ್ಟಿದ್ರಲ್ಲ? ನಾನೇ ಎದ್ದೆ. ಇನ್ನೇನಂತ ಕೇಳ್ತೀಯಾ?" ನಾನು ಹಿತ್ತಿಲ ಬಾಗಿಲಿಗೆ ಹೋಗಲಿಲ್ಲ.

ಮತ್ತೆ ಸಂಜೆಯ ಶಿಫ್ಟು, ಮತ್ತೆ ಕಾರಿಡಾರು. ಮೊದಲು ಒಂದು ತಪ್ಪಿಸಿದರು, ಆಮೇಲೆ ಇನ್ನೊಂದು. ಸಿಸ್ಟರು ಫೋನು ಮಾಡಿ, "ಅಜ್ಜಿ, ಹೇಗಾದ್ರೂ ಕರ್ಕೊಂಡ್ ಬನ್ನಿ" ಎನ್ನುತ್ತಿದ್ದರು. ಇವರು ಫೋನು ಇಸಿದುಕೊಂಡು, "ನಾಳೆ ಬತ್ತೀನಿ ಕಣ್ ಸಿಸ್ಟ್ರೇ" ಎಂದು ನಗುತ್ತಿದ್ದರು. ಹೊಟ್ಟೆ, ಕಾಲು, ಕಣ್ಣಿನ ರೆಪ್ಪೆ ಎಲ್ಲ ನೀರು ತುಂಬಿಕೊಂಡವು. ಗೋಡೆಗೆ ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಒಂದು ಬೆಳಗ್ಗೆ ಉಸಿರು ಎಳೆದುಕೊಳ್ಳಲು ಆಗಲಿಲ್ಲ. ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅವರು ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಹಾಸನ ಇನ್ನೂ ಸಿಕ್ಕಿರಲಿಲ್ಲ, ಕೈ ಗುಂಯ್ಗುಡುವುದು ನಿಂತುಹೋಯಿತು. ನಾನು ಹಿಡಿದುಕೊಂಡಿದ್ದೆ, ನನಗೆ ಗೊತ್ತಾಯಿತು. ಆಂಬುಲೆನ್ಸಿನ ಹುಡುಗನಿಗೆ ನಾನೇ ಹೇಳಿದೆ.

ನಿಮ್ಮ ಮನೆಯಿರುವ ಚನ್ನರಾಯಪಟ್ಟಣದಿಂದ ನಿಮ್ಮನ್ನು ಮಣ್ಣಿಗೆ ಕರೆತಂದದ್ದು ಗೌಡರ ಕಾರೇ. ಅವರೇ ಕಳಿಸಿದರು, ಯಾರೂ ಕೇಳಿರಲಿಲ್ಲ. ಮರಿ ಕಿಟಕಿ ಪಕ್ಕ ಕೂರಬೇಕೆಂದು ಹಟ ಮಾಡಿದನಂತೆ.

ಅದೆಲ್ಲ ಆಗಿ ಎಷ್ಟೋ ತಿಂಗಳಾದ ಮೇಲೆ ಒಬ್ಬ ಹುಡುಗಿ ಮನೆಗೆ ಬಂದಳು. ಯಾವುದೋ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಾಳಂತೆ. ರಕ್ತ ತೊಳೆಸಿಕೊಳ್ಳುವುದನ್ನು ನಡುವೆ ಬಿಡುವವರು ಯಾರು, ಯಾಕೆ ಬಿಡುತ್ತಾರೆ, ಬಡವರೇ ಯಾಕೆ ಹೆಚ್ಚು ಸಾಯುತ್ತಾರೆ ಎಂದು ತಿಳಿದುಕೊಳ್ಳುತ್ತಾಳಂತೆ. ಚಾಪೆಯ ಮೇಲೆ ಕೂತಳು, ಕೇಳಿ ನೀರು ಕುಡಿದಳು. ಮೊಬೈಲಿನಂಥದ್ದೇ ದೊಡ್ಡದೊಂದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೇಳಿದಳು.

"ಆಸ್ಪತ್ರೆಯವರು ದುಡ್ಡು ಕೇಳಿದ್ರಾ ಅಜ್ಜಿ?"

"ಇಲ್ಲ ಕಣವ್ವ."

"ಬೈದ್ರಾ? ಮುಟ್ಟೋಕೆ ಹಿಂದೆ ಮುಂದೆ ನೋಡಿದ್ರಾ?"

"ಛೆ, ಇಲ್ಲ. ಆ ಸಿಸ್ಟ್ರು ಬಂಗಾರ."

"ಜಾತಿ ಕಾರಣಕ್ಕೆ ಯಾರಾದ್ರೂ ಚಿಕಿತ್ಸೆ ತಪ್ಪಿಸಿದ್ರಾ?"

ಇಲ್ಲ ಎಂದೆ. ಯಾರು ತಪ್ಪಿಸಿದರು ಎನ್ನಲಿ? ಆಮೇಲೆ ಏನನ್ನಿಸಿತೋ, ಅವರು ಬೆಡ್ಡಿನಿಂದ ಎದ್ದದ್ದನ್ನು ಹೇಳಿದೆ. ನನ್ನ ಬಾಯಿಂದ ಅಷ್ಟು ಮಾತು ಬಂದದ್ದು ನನಗೇ ಆಶ್ಚರ್ಯ. ಹುಡುಗಿ ಒತ್ತುವುದನ್ನು ನಿಲ್ಲಿಸಿದಳು.

"ಇದನ್ನ ಎಲ್ಲಿಗೆ ಹಾಕ್ಲಿ ಅಂತ ಗೊತ್ತಾಗ್ತಿಲ್ಲ ಅಜ್ಜಿ. ಬೇರೆಯಾಗಿ ಬರ್ಕೊಳ್ತೀನಿ. ನಿಮ್ಮ ಹೆಸರು, ಊರು ಏನೂ ಬರಲ್ಲ."

"ಇದ್ರಿಂದ ಏನಾಯ್ತದೆ ಕಣವ್ವ?"

"ಜನಕ್ಕೆ ಗೊತ್ತಾಗುತ್ತೆ" ಎಂದಳು. ಆಮೇಲೆ ತಾನಾಗಿಯೇ, "ಗೊತ್ತಾದ್ಮೇಲೆ ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ" ಎಂದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಆ ಹುಡುಗಿ ನನಗೆ ಹಿಡಿಸಿದಳು. ಮಾರನೇ ವರ್ಷ ಇನ್ನೊಬ್ಬಳು ಬಂದಳು, ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅವಳಿಗೆ ಅಷ್ಟೆಲ್ಲ ಹೇಳಲಿಲ್ಲ. ನಮ್ಮ ಕಾಲೋನಿಯ ಇನ್ನೊಬ್ಬರಿಗೆ ಈಗ ಅದೇ ಸಂಜೆಯ ಶಿಫ್ಟು. ಬಸ್ಸು ಹಾಗೇ ಇದೆ.

ಗೌಡರು ಈಗಲೂ ಬೆಳಗ್ಗೆ ಹೋಗಿ ಬರುತ್ತಾರೆ. ಇಳಿದುಹೋಗಿದ್ದಾರೆ, ಆದರೂ ಇದ್ದಾರೆ. ಹೋದ ರಜದಲ್ಲಿ ನೀವು ಊರಿಗೆ ಹೊರಟಾಗ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ನಾವು ಕೂತಿದ್ದೆವಲ್ಲ, ಕಾರಿನಿಂದ ಇಳಿದು ಬಂದವರು ಅವರೇ. "ಅವ್ನಿದ್ದಿದ್ರೆ ಮಾತಿಗಾದ್ರೂ ಇರ್ತಿದ್ದ ಕಣಮ್ಮಿ" ಎಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದು. ನಾನು ಅವರು ಇಳಿಯುತ್ತಿದ್ದ ಹಾಗೆಯೇ ಎದ್ದು ನಿಂತಿದ್ದೆ. ಪಕ್ಕಕ್ಕೆ ತಿರುಗಿ ನೋಡಿದರೆ, ಪುಟ್ಟಿ, ನೀನೂ ಎದ್ದು ನಿಂತಿದ್ದೆ. ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ತಲೆ ಬಗ್ಗಿಸಿ. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿಕೊಟ್ಟಿಲ್ಲ. ದೊಡ್ಡವರು ಬಂದರೆಂದು ಎದ್ದೆಯೋ, ಮತ್ತೇನಕ್ಕೆ ಎದ್ದೆಯೋ ಕೇಳುವ ಧೈರ್ಯ ನನಗಾಗಲಿಲ್ಲ. ಬಸ್ಸು ಬಂತು.

ಆವತ್ತು ಮನೆಗೆ ಬಂದು ಬರೆಯತೊಡಗಿದೆ. ಓದಿ ನೀವು ಏನು ಮಾಡಬೇಕೆಂದು ನನಗೆ ತಿಳಿಯದು. ಏನಾದರೂ ಆಗುತ್ತದೆಂಬ ನಂಬಿಕೆಯೂ ಇಲ್ಲ. ಆ ಹುಡುಗಿ ಬರೆದುಕೊಂಡದ್ದರಲ್ಲಿ ತಾತ ಯಾರೋ ಒಬ್ಬ ಮುದುಕ. ಆತ ನಿಮ್ಮ ತಾತ ಎಂದು ಇರುವುದು ಈ ಹಾಳೆಗಳಲ್ಲಿ ಮಾತ್ರ. ನಮ್ಮ ಮನೆಯಲ್ಲಿ ಗೆದ್ದಲು ಜಾಸ್ತಿ, ಅದಕ್ಕೇ ನಿಮ್ಮ ಕೈಗೆ ಕೊಡುತ್ತಿದ್ದೇನೆ. ನಿಮ್ಮಮ್ಮನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ನೀರು ತಾಗದಂತೆ ಇಟ್ಟುಕೊಳ್ಳಿ. ಮನೆ ಬದಲಾಯಿಸುವಾಗ ರದ್ದಿಯ ಜೊತೆ ಹಾಕಿಬಿಡಬೇಡಿ, ಮಕ್ಕಳೇ.