ತಾಟಿನಿಂದ ಮುಡಿಗೇರಿದ ಕಾಮಕಸ್ತೂರಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ಕೊಡೇಕಲ್ಲಿನ ಶರಣವ್ವ, ನನ್ನ ಸೋದರತ್ತೆ. ಮೆಲ್ಲಗೆ ಹೇಳುವ ಪೈಕಿಯವಳಲ್ಲ ಆಕೆ. ಸುರಪುರದ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ್ದಳು: "ಅಡಿಗಿ ಕಲಿಯಾಕ ಮೂರ್ ವರ್ಷ ಕಾಲೇಜಾ? ಅದೂ ಹೋಟೆಲ್ ಕಾಲೇಜು! ನಮ್ಮ ಮನಿತನದಾಗ ಹತ್ತನೇ ಕ್ಲಾಸ್ ದಾಟಿದವರಿಲ್ಲ, ಈಕಿ ಡಿಗ್ರಿ ತರ್ತಾಳಂತ. ತಂದ ದಿನ ನನ್ನ ಹೆಸರ ಬದ್ಲಿ ಮಾಡ್ರಿ."

ಈಗ ಅದೇ ಡಿಗ್ರಿ ಚೀಲದಲ್ಲಿಟ್ಟುಕೊಂಡು ಕೊಡೇಕಲ್ ಬಸ್ಸಿನಲ್ಲಿ ಕುಳಿತಿದ್ದೇನೆ. ಮುಂದಿನ ಸೀಟಿನ ಹೆಣ್ಣುಮಗಳ ತುರುಬಿನಲ್ಲಿ ಚೆಂಡುಹೂವಿನ ಜೊತೆ ಒಂದು ಎಸಳು ಕಾಮಕಸ್ತೂರಿ. ಬಸ್ಸು ಕುಲುಕಿದಾಗೊಮ್ಮೆ ಅದರ ವಾಸನೆ ಮೂಗಿಗೆ ಬಡಿಯುತ್ತದೆ. ನಿಮಗೆ ಆ ವಾಸನೆಗೆ ದೇವರ ಮನೆಯೋ ಹೂವಿನಂಗಡಿಯೋ ನೆನಪಾದೀತು. ನನಗೆ ಮಾತ್ರ ಹಂಪಿಯ ಒಂದು ಇಟಾಲಿಯನ್ ಊಟದ ಮನೆ ಕಣ್ಣಿಗೆ ಕಟ್ಟುತ್ತದೆ.

ಕಾಲೇಜಿನ ಕೊನೆಯ ವರ್ಷದ ತರಬೇತಿಗೆ ನನ್ನನ್ನು ಅಲ್ಲಿಗೆ ಹಾಕಿದ್ದರು. ಸಣ್ಣ ಜಾಗ. ತಗ್ಗಿನ ಮಾಡು, ಹಳದಿ ದೀಪ, ಮೂಲೆಯಲ್ಲಿ ಇಟ್ಟಿಗೆಯ ಒಲೆ, ಚೌಕಳಿ ಬಟ್ಟೆ ಹಾಸಿದ ನಾಲ್ಕೈದು ಮೇಜು. ಕಾಲಿಟ್ಟರೆ ಯಾರದೋ ಪಡಸಾಲೆಗೆ ಬಂದಂತೆ ಹಾಯೆನಿಸುತ್ತಿತ್ತು. ಹಾಯೆನಿಸುತ್ತಿದ್ದುದು ಉಣ್ಣಲು ಬಂದವರಿಗೆ. ನನಗಲ್ಲ.

ನಮ್ಮ ಮಾಲಕಿ ಮೇಡಂ ಮಂಗಳೂರು ಕಡೆಯವರು. ಮಾತು ಕಡಿಮೆ, ನೋಟ ಜಾಸ್ತಿ. ಅವರು ತರಬೇತಿ ಮುಗಿಯಿತೆಂದು ಸಹಿ ಮಾಡದಿದ್ದರೆ ಡಿಗ್ರಿಯೇ ಇಲ್ಲ. ಅವರಲ್ಲೊಂದು ರೂಢಿಯಿತ್ತು. ತರಬೇತಿಗೆ ಬಂದವರು ಕೊನೆಯ ದಿನ ತಮ್ಮ ಮನೆಯವರನ್ನೇ ಕರೆಸಿ, ತಾವೇ ಅಡುಗೆ ಮಾಡಿ, ತಾವೇ ಬಡಿಸಬೇಕು. "ಗೊತ್ತಿಲ್ಲದವರಿಗೆ ಬಡಿಸುವುದು ಸುಲಭ. ತಾಟು ವಾಪಸ್ ಬಂದಾಗ ನೋಡ್ತೇನೆ, ಎಷ್ಟು ಉಳಿದಿದೆ ಅಂತ. ಇನ್ನೊಂದು, ನಮ್ಮಲ್ಲಿ ಬಡಿಸುವವರು ಅತಿಥಿಗಳ ಮೇಜಿನಲ್ಲಿ ಕೂರುವ ಹಾಗಿಲ್ಲ," ಎಂದಿದ್ದರು.

ಅಪ್ಪನಿಗೆ ನಾರಾಯಣಪುರದ ಕಾಲುವೆಯ ಕೆಲಸ. ನೀರು ಬಿಡುವ ದಿನ, ರಜೆ ಸಿಗಲಿಲ್ಲ. ಅವ್ವ ಒಬ್ಬಳೇ ಬರುತ್ತಾಳೆ ಎಂದುಕೊಂಡಿದ್ದೆ. ಬಾಗಿಲಲ್ಲಿ ನೋಡಿದರೆ ಅವ್ವನ ಹಿಂದೆ ಇಳಕಲ್ ಸೀರೆಯ ಸೆರಗು ಬಿಗಿದುಕೊಂಡು ಶರಣವ್ವತ್ತೆ!

"ಏನ್ ನೋಡ್ತಿ? ನನ್ನ ಕರದಿಲ್ಲಂತ ನಾ ಬರಬಾರ್ದೇನು?"

ಇಬ್ಬರನ್ನೂ ಮೇಜಿಗೆ ಕೂರಿಸಿ ಒಲೆಯ ಕಡೆ ಓಡಿದೆ. ಬಿಸಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಹೊತ್ತಿತು, ಚೆಲ್ಲಿ ಮತ್ತೆ ಹಾಕಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗದೆ ಮೂರು ಸಲ ನೆಕ್ಕಿ ನೋಡಿದೆ. ನಾಲಗೆಗೆ ಏನೂ ತಿಳಿಯಲೊಲ್ಲದು. ಮೂರು ವರ್ಷ ಓದಿದ ವಿದ್ಯೆ ಕಾಲಿಗೆ ಬುದ್ಧಿ ಹೇಳಿತ್ತು.

ಮೊದಲು ಬ್ರೆಡ್ಡು ಇಟ್ಟೆ. ಅತ್ತೆ ಅದನ್ನು ಬೆರಳಿನಿಂದ ಟಕಟಕ ಬಡಿದು ನೋಡಿ ಅವ್ವನ ಕಡೆ ತಿರುಗಿದಳು. "ನಿಂಗವ್ವ, ನಾ ಇಷ್ಟ ದಪ್ಪ ರೊಟ್ಟಿ ಬಡದಿದ್ರ ನಮ್ಮತ್ತಿ ತವರಿಗೆ ಕಳಸ್ತಿದ್ಲು."

"ಸುಮ್ಮನಿರ್ ಯಕ್ಕಾ, ಕೇಳ್ತಾರ," ಎಂದಳು ಅವ್ವ.

ಆಮೇಲೆ ಪಾಸ್ತಾ. ಹಿಟ್ಟು ನಾನೇ ನಾದಿದ್ದು, ಎಳೆ ನಾನೇ ಕೊಯ್ದದ್ದು. ಮೇಲೆ ಟೊಮೆಟೊ ಗೊಜ್ಜು, ಅದರ ನೆತ್ತಿಯ ಮೇಲೆ ಹಸಿರಾದ ಎಲೆಗಳು. ಇಬ್ಬರ ಮುಂದೆಯೂ ಇಟ್ಟು, ಕಲಿಸಿದಂತೆ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತೆ. ಒಲೆಯ ಹತ್ತಿರ ಮೇಡಂ ನಿಂತಿದ್ದರು.

ಅತ್ತೆ ಬಗ್ಗಿ ನೋಡಿದಳು. "ಶ್ಯಾವಿಗಿ! ಶ್ಯಾವಿಗಿ ಮ್ಯಾಲ ಟಮಾಟಿ ಸುರದಾಳಲ್ಲ! ಹಾಲು, ಬೆಲ್ಲ ಎಲ್ಲಿ ಅದಾವವಾ?" ಆಮೇಲೆ ಎಲೆ ಮೂಸಿದಳು. ಮುಖ ಅರಳಿತು. "ಕಾಮಕಸ್ತೂರಿ! ಮುಡಿಯೂ ಎಲಿ ಯಾರರ ಉಣ್ಣಾಕ ಹಾಕ್ತಾರೇನು, ಖೋಡಿ?" ಎನ್ನುತ್ತಲೇ ತನ್ನ ತಾಟಿನಿಂದ ಒಂದೊಂದೇ ಎಲೆ ಆರಿಸಿ, ನೀರಿನ ಲೋಟದಲ್ಲಿ ಅದ್ದಿ ತೊಳೆದು, ಕಣ್ಣಿಗೊತ್ತಿಕೊಂಡು ತುರುಬಿಗೆ ಸಿಕ್ಕಿಸಿಕೊಂಡಳು. ಅವ್ವನ ತಾಟಿನ ಎಲೆಗಳನ್ನೂ ಬಿಡಲಿಲ್ಲ. ಅವನ್ನು ಅವ್ವನ ತಲೆಗೆ ಮುಡಿಸಿದಳು.

ಪಕ್ಕದ ಮೇಜಿನವರು ಮುಸಿಮುಸಿ ನಕ್ಕರು. ನಾನು ಮೇಡಂ ಕಡೆ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿತ್ತು?

ಎಲೆ ಹೋದರೆ ಹೋಗಲಿ, ಉಂಡರೆ ಸಾಕು ಎಂದುಕೊಂಡೆ. ಆದರೆ ಇಬ್ಬರೂ ತಾಟಿಗೆ ಕೈ ಹಚ್ಚಲೊಲ್ಲರು. ಆವಿ ಕಡಿಮೆಯಾಗುತ್ತಿತ್ತು. ಈ ಅಡುಗೆ ಆರಿದರೆ ಎಳೆ ಎಳೆ ಅಂಟಿ ಮುದ್ದೆಯಾಗುತ್ತದೆ, ಆಮೇಲೆ ಯಾರೂ ತಿನ್ನಲಾರರು.

"ಉಣ್ಣಬೇ," ಎಂದೆ ಅವ್ವನಿಗೆ, ತುಟಿ ಅಲುಗಿಸದೆ.

"ನೀ ಕೂಡು."

"ನಾ ಕೂಡಂಗಿಲ್ಲಬೇ. ಇಲ್ಲಿ ಹಂಗಿಲ್ಲ."

"ಮತ್ತ ನಾವು ಹೆಂಗ ಉಣ್ಣೂದು? ನೀ ನಿಂತೀಯಲ್ಲ."

ನಿಮಗೆ ಇದು ಹಟ ಅನ್ನಿಸಬಹುದು. ಅವ್ವ, ಅತ್ತೆ ಇಬ್ಬರೂ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಬಾಳಿದವರು. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ, ಕೊಡ ಹಿಡಿದು ನೀರಿಗೆ ಹೋದವಳು ಬಂದು ಕೂರುವವರೆಗೆ ಒಬ್ಬರೂ ತುತ್ತು ಮುರಿಯುವುದಿಲ್ಲ. ಎಷ್ಟೇ ಹಸಿದಿರಲಿ. ಚಿಕ್ಕವಳಿದ್ದಾಗ ಅವರ ಜೊತೆ ಕುಳಿತು, ನೀರಿನವಳು ಬರುವ ದಾರಿಯನ್ನೇ ನಾನೂ ನೋಡಿದ್ದೇನೆ.

ಅತ್ತೆಯಲ್ಲಿ ಈಗ ಚೇಷ್ಟೆಯಿಲ್ಲ, ಕೊಂಕಿಲ್ಲ. ತಾಟು ಮುಂದಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಿದ್ದಳು.

ನಿಂತರೆ ತಾಟು ತುಂಬಿದ್ದು ತುಂಬಿದಂತೆ ವಾಪಸು ಹೋಗುತ್ತದೆ. ಕುಳಿತರೆ ರೂಢಿ ಮುರಿದಂತೆ. ಎರಡರಲ್ಲಿಯೂ ಡಿಗ್ರಿ ಹೋಯಿತು. ಕುರ್ಚಿ ಎಳೆದದ್ದು ನೆನಪಿದೆ. ಅದು ಗಚ್ಚಿನ ಮೇಲೆ ಕಿರ್ರೆಂದದ್ದು ಇವತ್ತಿಗೂ ಕಿವಿಯಲ್ಲಿದೆ. ಕುಳಿತೆ. ಅವ್ವ ತನ್ನ ತಾಟಿನಿಂದ ಒಂದು ತುತ್ತು ಕೈಯಿಂದ ಎತ್ತಿ ನನ್ನ ಬಾಯಿಗಿಟ್ಟಳು. ಆಮೇಲೆ ಇಬ್ಬರೂ ಉಂಡರು. ಎಷ್ಟು ಚೆನ್ನಾಗಿ ಉಂಡರೆಂದರೆ, ಆ ದಪ್ಪ ರೊಟ್ಟಿಯಿಂದಲೇ ತಾಟು ಒರೆಸಿದರು.

ತಾಟು ಒಯ್ದು ಮೇಡಂ ಮುಂದಿಟ್ಟೆ.

"ನೀನು ಕೂತೆ."

"ಹೌದ್ರಿ ಮೇಡಂ. ನಾ ಕೂಡದ ಅವರು ಉಣ್ಣತಿದ್ದಿಲ್ಲ."

ಅವರು ತಾಟು ನೋಡಿದರು, ಮೇಜಿನ ಕಡೆ ನೋಡಿದರು. ಅತ್ತೆ ತುರುಬು ಸರಿಮಾಡಿಕೊಳ್ಳುತ್ತಿದ್ದಳು. "ಸರಿ, ಹೋಗು," ಎಂದರು. ಅಷ್ಟೇ. ಪಾಸೋ ಫೇಲೋ ಹೇಳಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಅತ್ತೆ, "ಉಪ್ಪು ಚೂರು ಕಡಿಮಿ ಇತ್ತು," ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನನಗೆ ಅಂದಿನಿಂದ ಫಲಿತಾಂಶದ ದಿನದವರೆಗೆ ಸರಿಯಾಗಿ ಊಟ ಸೇರಲಿಲ್ಲ. ಕಾಲೇಜಿನಿಂದ ಫೋನು ಬಂದರೆ ಎತ್ತಲಿಕ್ಕೇ ಅಂಜಿಕೆ. ಕೊನೆಗೆ ಮೇಡಂ ಸಹಿ ಮಾಡಿಯೇ ಕಳಿಸಿದ್ದಾರೆಂದು ತಿಳಿದಾಗ ನಗಲಿಲ್ಲ, ಅಳಲಿಲ್ಲ. ಹಸಿವಾಯಿತು.

ಕೊಡೇಕಲ್ ಬಂತು. ಮುಂದಿನ ಸೀಟಿನ ಹೆಣ್ಣುಮಗಳು ಇಳಿದುಹೋದಳು, ವಾಸನೆ ಉಳಿಯಿತು. ಅತ್ತೆಯ ಮನೆಯ ಹಾದಿ ತುಳಿಯುವಾಗ ಚೀಲದೊಳಗಿನ ಸರ್ಟಿಫಿಕೇಟನ್ನು ಎರಡು ಸಲ ಮುಟ್ಟಿ ನೋಡಿದೆ. ಡಿಗ್ರಿ ಬಂದರೇನು, ಈ ಅತ್ತೆ ಎದುರು ನನ್ನ ಪರೀಕ್ಷೆ ಮುಗಿದಿರಲಿಲ್ಲ.

ಅತ್ತೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸರ್ಟಿಫಿಕೇಟು ತೆಗೆದು ಎರಡೂ ಕೈಯಿಂದ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

"ನಿನ್ನ ಹೆಸರ ಎಲ್ಲೈತಿ?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟಳು. ತೆಗೆದಾಗ ಅಲ್ಲೊಂದು ಜೋಳದ ಹಿಟ್ಟಿನ ಬೊಟ್ಟು.

"ಅತ್ತಿ, ನಿನ್ನ ಹೆಸರು ಏನಂತ ಬದ್ಲಿ ಮಾಡೂಣು?" ಎಂದೆ.

ಅತ್ತೆ ಬಿಸಿ ರೊಟ್ಟಿ ತಾಟಿಗೆ ಹಾಕಿ, ಮಣೆಯನ್ನು ನನ್ನ ಕಡೆ ಸರಿಸಿದಳು.

"ಅದು ಆಮ್ಯಾಲ. ಮದ್ಲ ನೀ ಕೂಡವಾ. ನೀ ಕೂಡೂತನಕ ಈ ಮನ್ಯಾಗ ಯಾರೂ ತುತ್ತು ಮುರಿಯಂಗಿಲ್ಲ."