ಶನಿವಾರ ತಕ್ಕಡಿ ಮುಟ್ಟದವನು

ಯಾರಾದರೂ ಒಂದು ಕುಲವನ್ನೇ ಬೈಯುತ್ತಿದ್ದರೆ, ಆ ಬೈಗುಳದಿಂದ ಲಾಭ ಯಾರಿಗೆ ಎಂದು ಮೊದಲು ನೋಡಿ. ಲಾಭ ಮಾಡಿಕೊಂಡವನೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹುಣಸೆಹಣ್ಣು ಕೊಳ್ಳುತ್ತಿದ್ದೆ. ತಲೆಹೊರೆಯಿಂದ ಶುರು ಮಾಡಿ ಸ್ವಂತ ತಕ್ಕಡಿ ಕಟ್ಟಿದವನು. ಚೌಕಾಶಿಯಲ್ಲಿ ಯಾರಿಗೂ ಬಗ್ಗಿದವನಲ್ಲ. ನನಗೆ ಪೈಪೋಟಿಯಾಗಿ ನಿಂತವನು ಕೊಂಕಣದ ಕಡೆಯ ಒಬ್ಬ ಖರೀದಿದಾರ. ಪಕ್ಕದ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದ. ರೈತರಿಗೆ ನನಗಿಂತ ಮೇಲಿನ ದರವನ್ನೇ ಕೊಡುತ್ತಿದ್ದ. ಶನಿವಾರ ಮಾತ್ರ ತಕ್ಕಡಿ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಚಹಾ ಕುಡಿಯುತ್ತ ಹೇಳಿದ: ನಾವು ಯಹೂದಿಗಳು, ಶನಿವಾರ ನಮಗೆ ದೇವರ ವಾರ, ಮುತ್ತಜ್ಜ ಎಣ್ಣೆಗಾಣ ನಡೆಸುತ್ತಿದ್ದ ಕಾಲದಲ್ಲೂ ಆ ದಿನ ಗಾಣ ತಿರುಗುತ್ತಿರಲಿಲ್ಲ.

ಅದನ್ನು ನಾನು ಗೋದಾಮಿನ ಮಾಲೀಕನ ಕಿವಿಗೆ ಹಾಕಿದೆ. ಸುಮ್ಮನೆ ಹಾಕಲಿಲ್ಲ. ಅವನು ಬಾಂಬೆಯಲ್ಲಿದ್ದ ಭಾವಮೈದುನನನ್ನು ವಿಚಾರಿಸಿಕೊಂಡು ಬಂದ.

"ಜಗತ್ತಿನ ರೊಕ್ಕಾನೆಲ್ಲಾ ಆ ಜನಾನ ನುಂಗ್ಯಾರಂತ್ರಿ!"

ಆ ಜನವನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ, ಇವನೊಬ್ಬನನ್ನು ಬಿಟ್ಟರೆ.

ಒಂದು ಭಾನುವಾರ ದರ ಕುಸಿಯಿತು. ಆಂಧ್ರದ ಮಾಲು ವಿಪರೀತ ಬಂದಿತ್ತು. ದರ ಬೀಳುತ್ತದೆಂದು ನನಗೆ ಹಿಂದಿನ ದಿನವೇ ಫೋನ್ ಬಂದಿತ್ತು. ರೈತರು ಗೋದಾಮಿನ ಮುಂದೆ ಕೂಡಿದರು. ಮಾಲೀಕನಿಗೂ ಹುಣಸೆಮರಗಳಿದ್ದವು.

"ಶನಿವಾರ ಬಾಗಿಲಾ ಹಾಕ್ಕೊಂಡು ದರ ಇಳಿಸೋ ಹಿಕಮತ್ತು ಮಾಡ್ತೀಯೇನಲೇ?" ಎಂದ ಅವನು.

"ಸೋಮವಾರ ನೀವು ಎತ್ತು ಹೂಡ್ತೀರೇನ್ರಿ?" ಎಂದು ಖರೀದಿದಾರ ಕೇಳಿದ.

"ಅದು ಬಸವಣ್ಣನ ವಾರ! ನಮ್ಮದು ಭಕ್ತಿ, ನಿಮ್ಮದು ಹಿಕಮತ್ತು."

ಜನ ನಕ್ಕರು. ಖರೀದಿದಾರ ನನ್ನ ಕಡೆ ತಿರುಗಿದ. "ದರ ಯಾಕ ಬಿತ್ತಂತ ನಿಮಗ ಗೊತ್ತೈತಿ. ಹೇಳ್ರಿ ಅಣ್ಣಾರ."

ಅವನನ್ನು ಉಳಿಸಲು ನನ್ನದೊಂದು ಮಾತು ಸಾಕಿತ್ತು. "ನಿಮ್ಮ ಜನದ ಒಳಗುಟ್ಟು ನನಗೇನು ಗೊತ್ತಪಾ?" ಎಂದೆ.

ಮಾಲೀಕ ಗೋದಾಮಿನ ಕೀಲಿ ಕೇಳಿದ. ಖರೀದಿದಾರ ಕೊಟ್ಟ. ಕೊಂಡಿಟ್ಟಿದ್ದ ಹಣ್ಣನ್ನು ಒಯ್ಯಲು ಲಾರಿಯವರು ಯಾರೂ ಒಪ್ಪಲಿಲ್ಲ. ನನಗೇ ಮಾರಿ ಬಸ್ಸು ಹತ್ತಿದ. ಅದರಲ್ಲೂ ನಾನು ಚೌಕಾಶಿ ಮಾಡಿದೆ.

ಮರುವರ್ಷ ಕೊಳ್ಳುವವನು ನಾನೊಬ್ಬನೇ. ದರ ಇಳಿಸಿದೆ. ಮಾಲೀಕನಿಗೂ ಇಳಿಸಿದೆ. ಅವನು ಗೊಣಗುತ್ತಲೇ ಚೀಲ ತೂಗಿಸಿ, ಕೊನೆಗೆ ನನ್ನ ಬೆನ್ನು ತಟ್ಟಿದ.

"ವ್ಯಾಪಾರಸ್ಥ ಅಂದ್ರ ಹಿಂಗಿರಬೇಕು ನೋಡ್ರಿ!"

ನನ್ನ ಕುಲ ಯಾವುದು, ವಾರ ಯಾವುದು ಎಂದು ಯಾರೂ ಕೇಳಲಿಲ್ಲ.